ಮಡಗಾಂವಿಗೆ ಮೂರು ಸಾವಿರದ ಎಂಟುನೂರು

ಕರೆಂಟು ಬಿಲ್ಲಿನ ಬೆನ್ನ ಮೇಲೆ ಬರೆಯತೊಡಗಿದೆ:
ಮಡಗಾಂವು, ಒಂದು ದಿನ, ಐದು ಜನ,
ಒಟ್ಟು ಮೂರು ಸಾವಿರದ ಎಂಟುನೂರು.
ಕಾರವಾರದ ಬೀದಿಯಲ್ಲಿ ಪಿಗ್ಮಿ ಎತ್ತುವವಳು ನಾನು,
ಕೋಡಿಬಾಗದ ಮೀನಂಗಡಿಯಿಂದ ಕಾಜುಬಾಗದ ಕ್ಷೌರದಂಗಡಿವರೆಗೆ
ದಿನಾ ಇಪ್ಪತ್ತು, ಐವತ್ತು ಎಣಿಸಿ ಚೀಟಿ ಹರಿದು ಕೊಡುವವಳು.
ಈ ವರ್ಷ ಮೊದಲ ಸಲ
ನನ್ನ ಹೆಸರಿನ ಖಾತೆಯೂ ಒಂದು ಹಣ್ಣಾಯಿತು.

ಬಸ್ಸು ಬೇಡ, ಬೆಳಗಿನ ಪ್ಯಾಸೆಂಜರು ಅಗ್ಗ.
ಶಿರವಾಡದ ಸ್ಟೇಶನ್ನಿಗೆ ಆಟೋ ಬೇಡ,
ಉಲ್ಲಾಸನ ಐಸ್ ಫ್ಯಾಕ್ಟರಿಯ ಟೆಂಪೊ ಆ ಹೊತ್ತಿಗೆ ಅತ್ತಲೇ ಹೋಗುತ್ತದೆ.
ಮಂಜುಗಡ್ಡೆ ಸೋರುವ ಹಲಗೆಯ ಮೇಲೆ ಕೂತರೆ
ಸೀರೆ ಒದ್ದೆ, ನೂರೈವತ್ತು ಉಳಿತಾಯ.
ಚಪಾತಿ, ಬಟಾಟೆ ಪಲ್ಯ, ನಾಲ್ಕು ಬಾಟಲಿ ನೀರು ಮನೆಯಿಂದಲೇ.
ಗಾಜಿನ ಬಾಗಿಲಿನ ಅಂಗಡಿಗೆ ಯಾರೂ ಹೋಗುವಂತಿಲ್ಲ,
ಒಳಗಿನ ತಂಪು ಗಾಳಿಗೂ ಬೆಲೆ ಹಚ್ಚಿರುತ್ತಾರೆ.

ಸಾನಿಕಾಳಿಗೆ ಬೂಟು, ಏಳುನೂರರ ಒಳಗೆ.
"ಏಳುನೂರಕ್ಕೆ ಬರೋದು ಒಂದೇ ಕಾಲಿಂದು" ಎಂದಳು.
ಸರ್ವೇಶನಿಗೆ ಫುಟ್‌ಬಾಲು, ಗೋವಾದ್ದೇ ಬೇಕಂತೆ,
ಇಲ್ಲಿನ ಚೆಂಡು ಗೋಲಿಗೆ ಹೋಗುವುದಿಲ್ಲವಂತೆ.
ಉಲ್ಲಾಸ ಏನನ್ನೂ ಕೇಳಲಿಲ್ಲ,
ಬರೀ ಗಂಟಲು ಸರಿಮಾಡಿಕೊಂಡ.
ಮಾಜಾಳಿ ನಾಕೆಯಲ್ಲಿ ಹಿಡಿದರೆ
ಆ ಬಾಟಲಿಯ ದಂಡ ಯಾರ ಪಿಗ್ಮಿಯಿಂದ, ಎಂದೆ.
ರೈಲಿಗೆ ನಾಕೆ ಇಲ್ಲವಲ್ಲ, ಎಂದು ಗೋಡೆಗೆ ಹೇಳಿದ.
ನನಗೆ: ಕುಕ್ಕರಿನ ಗ್ಯಾಸ್ಕೆಟ್ಟು.
"ಅದು ನಿನಗಲ್ಲ, ಕುಕ್ಕರಿಗೆ" ಎಂದು ಸಾನಿಕಾ ತಿದ್ದಿದಳು.

ಅಲ್ಲಿಯವರೆಗೆ ಶೆಟ್ಲಿ ಸುಲಿಯುತ್ತಿದ್ದ ಅತ್ತೆ
ತಲೆ ಎತ್ತದೆ ಹೇಳಿದಳು: ಹಳೇ ಬಾಕಿ ಬರಿ.
ಯಾರದ್ದು?
ನಮ್ಮ ಆಯಿದು.

ಅತ್ತೆಗೆ ಆಗ ಎಂಟೋ ಒಂಬತ್ತೋ.
ಮಡಗಾಂವು ಆಗ ನಿಜಕ್ಕೂ ಪರದೇಶ,
ಆಚೆ ಪಾಖಲರ ಬಂದೂಕು, ಈಚೆ ನಮ್ಮವರದು.
ಅಕ್ಕನ ಬಾಣಂತನಕ್ಕೆಂದು ಕತ್ತಲಲ್ಲಿ ದೋಣಿ ಹತ್ತಿ ಹೋದ ಆಯಿ
ತಿಂಗಳು ಬಿಟ್ಟು ಬರುವಾಗ ಒಂದು ಕೊಡೆ ತಂದಿದ್ದಳು,
ಜರ್ಮನಿಯದು,
ಬಿಚ್ಚಿದರೆ ಕೋಣೆ ಸಾಲದಂಥದು.
ಕೈಲಿದ್ದಷ್ಟು ಕೊಟ್ಟಳು, ಉಳಿದದ್ದು ಉದ್ರಿ.
"ಒಂಬತ್ತು ಎಸ್ಕುದು, ಮುಂದಿನ ಸಲ ಕೊಡು ಬಾಯೆ" ಎಂದನಂತೆ ಅಂಗಡಿಯ ಮುದುಕ.
ಮುಂದಿನ ಸಲ ಬರುವುದರೊಳಗೆ
ಆ ಗಡಿಯೂ ಇರಲಿಲ್ಲ, ಆ ನಾಣ್ಯವೂ.
"ಗಡಿ ಹೋಯ್ತು ಅಂತ ಬಾಕಿ ಹೋಗ್ತದೇನೆ?"

ಬಡ್ಡಿ, ದಂಡ, ಮುದ್ದತು ಎಲ್ಲ ಬಲ್ಲ ನಾನು
ಪೆನ್ನು ಕಚ್ಚಿ ಕೂತೆ.
ಸಾಲಕ್ಕೂ ಸಾಲಿಗೂ ಒಂದು ಕೊಂಬಿನಷ್ಟೇ ಅಂತರ,
ಬರೆಯುವುದೇನೋ ಸುಲಭ, ಎಷ್ಟೆಂದು ಬರೆಯಲಿ?
ಸರ್ವೇಶ ಮೊಬೈಲು ತಿಕ್ಕಿ ಒಂದು ಲೆಕ್ಕ ಹೇಳಿದ,
ಉಲ್ಲಾಸ ಸುಮ್ಮನೆ ಇನ್ನೊಂದು.
ಅಂಗಡಿ ಎಲ್ಲಿ?
"ಇಗರ್ಜಿಯಿಂದ ಇಳಿದು, ಪಾವಿನ ವಾಸನೆ ಬರೋ ಕಡೆ."
ಹೆಸರು?
"ಮೂಗಿನ ಮೇಲೆ ಮಚ್ಚೆ ಇತ್ತಂತೆ."
ಈಗ ಅಲ್ಲಿ ಗಾಜಿನ ಬಾಗಿಲಿದ್ದರೆ, ಎಂದು ಸಾನಿಕಾ ನನ್ನನ್ನೇ ನೋಡಿದಳು.
ಅತ್ತೆ ಒಂದು ಶೆಟ್ಲಿಯ ತಲೆ ಮುರಿದು ಬದಿಗೆ ಹಾಕಿ
"ದೂಡಿದರೆ ತೆರೀತದೆ" ಎಂದಳು.

ಫುಟ್‌ಬಾಲಿನಿಂದ ಐವತ್ತು, ಬೂಟಿನಿಂದ ಐವತ್ತು,
ಗಂಟಲು ಸರಿಮಾಡಿಕೊಂಡವನ ಜೇಬಿನಿಂದ ನೂರು ಕಿತ್ತು
ಬರೆದೆ: ಹಳೇ ಬಾಕಿ, ಇನ್ನೂರು.
ಕೂಡಿಸಿದರೆ ನಲವತ್ತು ಹೆಚ್ಚು ಬಂತು.
ಮತ್ತೆ ಕೂಡಿಸಿದೆ. ಮತ್ತೆ ನಲವತ್ತು.
ಗ್ಯಾಸ್ಕೆಟ್ಟು ಹೊಡೆದುಹಾಕಿದೆ.

ಎಲ್ಲ ಮುಗಿದ ಮೇಲೆ ಉಲ್ಲಾಸನಿಗೆ ನೆನಪಾಯಿತು,
ಭಾನುವಾರ ಅಲ್ಲಿ ಪೇಟೆ ಬಂದ್.
ಹಾಗಾದರೆ ಶನಿವಾರ, ರಜೆ ಕೇಳು, ಎಂದ ಅತ್ತೆ
ಆಗಲೇ ಕೈ ತೊಳೆದು
ಅಟ್ಟದ ಕೆಳಗೆ ಸ್ಟೂಲು ಎಳೆಯುತ್ತಿದ್ದಳು.
ಬಟ್ಟೆ ಹೋಗಿ ಕಡ್ಡಿ ಉಳಿದ ಕೊಡೆ ಅಲ್ಲೆಲ್ಲೋ ಇದೆ,
ರಸೀದಿ ಇಲ್ಲವಲ್ಲ,
ಅದನ್ನೇ ಒಯ್ಯಬೇಕಂತೆ.